ನಲವತ್ತೊಂದನೆಯ ಬಾಣ

ಪುಣೆಯಲ್ಲಿ ನಾನು ಬರೆದ ಬೋರ್ಡುಗಳು
ಈಗ ಯಾವ ಅಂಗಡಿಯ ತಲೆಯ ಮೇಲೂ ಇಲ್ಲ.
ಫ್ಲೆಕ್ಸ್ ಬಂತು, ಕುಂಚ ಒಣಗಿತು.
ಹಾಗಾಗಿ ಲಿಮಯೆ ಸಾಹೇಬರ ಚಾರಣ ಸಂಘ
ಬಾಣವೊಂದಕ್ಕೆ ಮೂವತ್ತೈದು ರೂಪಾಯಿ ಎಂದಾಗ
ಚೌಕಾಶಿ ಮಾಡಲಿಲ್ಲ.
ಬಿಳಿ ಪೇಂಟಿನ ಡಬ್ಬಿ, ಒಂದಿಂಚು ಕುಂಚ, ಬಾಟಲಿಯಲ್ಲಿ ಟರ್ಪೆಂಟೈನ್,
ಸ್ವಾರಗೇಟಿನಿಂದ ಪಾನಶೇತ್ ಕಡೆಯ ಬಸ್ಸು.
ಅದು ನಿಂತ ಮೇಲೆ ಆರು ಮೈಲಿ ಕಾಲು.

ಪಾಥರವಾಡಿ ಎಂದರೆ ಹದಿನೇಳು ಮನೆ,
ಮೂರು ದಿಕ್ಕಿಗೆ ಗುಡ್ಡ, ಉಳಿದದ್ದಕ್ಕೆ ಹಿನ್ನೀರು.
ದಾರಿ ತೋರಿಸಲು ಬಂದವಳು ಠಕೂಬಾಯಿ ಢೇಬೆ.
ಎಪ್ಪತ್ತು ದಾಟಿದೆ. ಕಾಲಿಗೆ ಟೈರಿನ ಚಪ್ಪಲಿ.
ತಲೆ ಮೇಲೆ ಏನೂ ಇಲ್ಲದಿದ್ದರೂ
ಕೊಡ ಇರುವ ಹಾಗೇ ನಡೆಯುತ್ತಾಳೆ.

"ಇದೇನಿದು?" ಅಂದಳು ಮೊದಲ ಬಾಣ ನೋಡಿ.
ಅವಳದು ಮರಾಠಿ. ನನ್ನ ಕಿವಿಗೆ ಬೀಳುವಷ್ಟರಲ್ಲಿ
ಇಂಡಿ ತಾಲೂಕಿನ ಕನ್ನಡವಾಗಿರುತ್ತಿತ್ತು.
"ಬಾಣಾ ರೀ ಆಯಿ. ಪ್ಯಾಟಿ ಮಂದಿ ಹಾದಿ ತಪ್ಪಬಾರದಂತ."
"ತಪ್ಪಿದ್ರ ಸಗಣಿ ನೋಡಬೇಕಪಾ.
ಮುಂಜಾನಿ ಸಗಣಿ ಗುಡ್ಡದ ಕಡೆ, ಸಂಜಿ ಸಗಣಿ ಮನಿ ಕಡೆ."

ಹದಿನಾಲ್ಕು ಬಾಣ ಮುಗಿಯುವಾಗ ಗೊತ್ತಾಯಿತು,
ಸಾಹೇಬರ ನಕಾಶೆಯ ಒಂದು ಗೆರೆ
ಇಲ್ಲಿ ಒಂದು ಹಾದಿಯಲ್ಲ.
ಇದು ಕಾರವಿ ಕಡಿಯಲು ಹೋದದ್ದು.
ಇದು ಹೆರಿಗೆ ನೋವಿನವಳನ್ನು ಡೋಲಿಯಲ್ಲಿ ಹೊತ್ತದ್ದು,
ಕುಲುಕಬಾರದೆಂದೇ ಇಷ್ಟು ಸುತ್ತು.
ಇದನ್ನು ಆಡುಗಳು ಮಾಡಿದವು, ಮನುಷ್ಯರು ಆಮೇಲೆ ಒಪ್ಪಿಕೊಂಡರು.
ಶಿಖರಕ್ಕೆ ಯಾವುದು ಎಂದೆ.
"ಅಲ್ಲಿ ಯಾಕ ಹೋಗ್ತಾರ? ಅಲ್ಲೇನೂ ಇಲ್ಲ."
ನಲವತ್ತು ಬಾಣವೂ ಅಲ್ಲಿಗೇ ಹೋಗಬೇಕಿತ್ತು.

ಇಳಿಯುವಾಗ ಸಂಜೆ. ಮೇ ತಿಂಗಳ ಕೊನೆ,
ನೀರು ತಿಂದದ್ದನ್ನೆಲ್ಲ ದಂಡೆಗೆ ಉಗುಳಿ
ಹಿಂದೆ ಸರಿದಿತ್ತು.
ಬಿರುಕು ಬಿಟ್ಟ ಕೆಸರು, ಬಸವನಹುಳುವಿನ ಚಿಪ್ಪು,
ಮೀನಿನವರು ಬಿಟ್ಟುಹೋದ ಥರ್ಮಾಕೋಲಿನ ತೆಪ್ಪ.
ಮತ್ತೆ, ಹಾದಿ.
ಎರಡೂ ಬದಿಗೆ ಕಲ್ಲು ಜೋಡಿಸಿ
ಎತ್ತಿನ ಗಾಡಿ ಹಾಯುವಷ್ಟು ಅಗಲ ಬಿಟ್ಟ ಹಾದಿ
ಯಾರನ್ನೂ ಕೇಳದೆ ನೀರೊಳಗೆ ಇಳಿದುಹೋಗುತ್ತಿತ್ತು.

ಠಕೂಬಾಯಿ ಚಪ್ಪಲಿ ಕೈಗೆ ತೆಗೆದುಕೊಂಡಳು.
ಕಾಲ ಹೆಬ್ಬೆರಳಿನಿಂದ ಕೆಸರು ಕೆದರಿ ತೋರಿಸಿದಳು:
ಹೊಸ್ತಿಲು. ಉದ್ದ ಕಲ್ಲು,
ನಡುವೆ ತುಳಿದು ತುಳಿದು ತಗ್ಗಾದದ್ದು.
ಮದುವೆಯಾಗಿ ಬಂದು ಎರಡು ಮಳೆಗಾಲ ಇದನ್ನು ದಾಟಿದಳಂತೆ,
ಮೂರನೆಯದಕ್ಕೆ ಮೊದಲೇ ಗೇಟು ಹಾಕಿದರು.

"ಇಲ್ಲೊಂದು ಬಾಣಾ ತಗಿ."
"ಆಯಿ, ನೀರಿನ ಕಡೆ ಬಾಣಾ ತೋರಿಸಿದ್ರ ಯಾರರ—"
"ನೀರಿನ ಕಡೆ ಅಂತ ಯಾಂವ ಹೇಳಿದ? ಗುಡ್ಡದ ಕಡೆ ತಗಿ.
ದೇವಿನ್ನ ಬುಟ್ಟ್ಯಾಗ ಹೊತ್ತುಕೊಂಡು ಮ್ಯಾಲ ಬಂದಿವಿ.
ನಮ್ಮ ಅತ್ತಿ ಇಲ್ಲೇ ಹಿತ್ತಲದಾಗ ಮಣ್ಣಾಗಿದ್ಲು,
ಆಕಿನ್ನ ಹ್ಯಾಂಗ ಹೊರೋದು?
ನಾವು ಎತ್ತಾಗ ಹೋದಿವಿ ಅಂತ
ಆಕಿಗೆ ಗೊತ್ತಿಲ್ಲ."

ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು.
ಕಲ್ಲು ಒದ್ದೆ, ಪೇಂಟು ಹಿಡಿಯಲಿಲ್ಲ. ಅವಳು ಸೆರಗಿನಿಂದ ಒರೆಸಿದಳು,
ಒಲೆ ಊದುವ ಹಾಗೆ ಊದಿದಳು, ಮತ್ತೆ ಒರೆಸಿದಳು.
ಆ ಬಾಣಕ್ಕೆ ನಾನು ನೆರಳೂ ಕೊಟ್ಟೆ,
ಲಕ್ಷ್ಮೀ ರಸ್ತೆಯ ಬಂಗಾರದಂಗಡಿಗಳ ಅಕ್ಷರಕ್ಕೆ
ಕೊಡುತ್ತಿದ್ದೆನಲ್ಲ, ಹಾಗೆ,
ಕೆಳಗೆ, ಬಲಕ್ಕೆ, ತೆಳುವಾಗಿ,
ಅಲ್ಲಿನ ಕೆಸರನ್ನೇ ಬೆರಳಿಗೆ ಹಚ್ಚಿ.
ಚೆಂದ ಬಂತೋ ಇಲ್ಲವೋ ಅವಳು ಹೇಳಲಿಲ್ಲ.
ಕತ್ತಲಾಗುತ್ತಿದೆ, ನಡಿ ಅಂದಳು.

ಜೂನ್ ಎಂಟಕ್ಕೆ ಮಳೆ ಹಿಡಿಯಿತು.
ತಿಂಗಳ ಕೊನೆಗೆ ಬಿಲ್ಲು ಕೊಟ್ಟೆ: ಬಾಣ, ನಲವತ್ತೊಂದು.
ಲಿಮಯೆ ಸಾಹೇಬರು ರೇನ್‌ಕೋಟಿನ ಹುಡುಗರನ್ನು ಕಳಿಸಿ ಎಣಿಸಿದರು.
ನಲವತ್ತೇ ಇವೆಯಂತೆ.
"ಇನ್ನೊಂದು ಎಲ್ಲಿ?"
ಹೇಳಬಹುದಿತ್ತು.
ಎಣಿಕೆ ತಪ್ಪಿರಬೇಕು ಅಂದೆ,
ಮೂವತ್ತೈದು ರೂಪಾಯಿ ಕಡಿಮೆ ಎಣಿಸಿಕೊಂಡೆ.